ಗೂಡು ಬೇಯುವ ನೀರು

ಬಾಯಿ ತೆರೆದರೆ ದನಿ ಹೊರಡುತ್ತದೋ ಇಲ್ಲವೋ ಎಂಬುದೇ ಮೆಹ್ವಿಶ್‌ಳ ಭಯ. ಡಿಗ್ರಿ ಮುಗಿಸಿದ್ದರೂ ಅವಳ ಮಾತೆಲ್ಲ ಡೈರಿಯೊಳಗೇ. ಹೊರಗಿನವರು ಬಂದರೆ ಒಳಕೋಣೆಗೆ ಸರಿದುಬಿಡುತ್ತಾಳೆ. ಈಗ ಎದುರಿಗೆ ಕೂತಿರುವ ಕವಿತ, ಗಲ್ಲುಶಿಕ್ಷೆಯಾಗಿರುವ ಅಣ್ಣ ನೂಮಾನನ ಮೇಲ್ಮನವಿ ನಡೆಸುತ್ತಿರುವ ವಕೀಲರ ಕಡೆಯಿಂದ ಶಿಡ್ಲಘಟ್ಟಕ್ಕೆ ಬಂದವಳು.

"ಮೊದಲೆಲ್ಲ ಇದನ್ನ ಯಾರೂ ಕೇಳ್ತಿರ್ಲಿಲ್ಲ ಸಾಹೇಬ್ರೆ. ಈಗ ಕೋರ್ಟೇ ಕೇಳುತ್ತೆ. ಹುಡುಗ ಹೆಂಗೆ ಬೆಳೆದ, ಏನೇನು ಕಷ್ಟ ಅನುಭವಿಸಿದ, ಎಲ್ಲಾ ಹೇಳಿ. ಅದರಿಂದ ಜೀವ ಉಳೀಬಹುದು," ಎಂದಳು ಕವಿತ.

ಅಬ್ಬಾ ದಸ್ತಗಿರ್ ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಕೂತಿದ್ದರು. "ಒಳ್ಳೆ ಮನೆತನ ಅಂತ ಬರ್ಕೊಳ್ಳಮ್ಮ. ರಾಜನ ಹಂಗೆ ಸಾಕಿದೀನಿ, ಒಂದೇಟು ಹೊಡೆದಿಲ್ಲ. ಬೇಕಾದ್ರೆ ಬೀದೀಲಿ ಕೇಳು." ಮನೆಯ ಮರ್ಯಾದೆ ದೊಡ್ಡದಾಗಿ ಕಂಡಷ್ಟೂ ಮಗ ಉಳಿಯುತ್ತಾನೆಂದು ಅವರು ನಿಜಕ್ಕೂ ನಂಬಿದ್ದರು. ಅಮ್ಮಿ ಬಿಸ್ಕತ್ತಿನ ತಟ್ಟೆಯನ್ನು ಮತ್ತೆ ಮುಂದೆ ತಳ್ಳಿದಳು.

"ಮತ್ತೆ ಅವನ ಬಲಗೈ ಬೆರಳು ಮಡಚೋಕೇ ಆಗಲ್ವಲ್ಲ?" ಕವಿತ ಕೇಳಿದಳು.

"ಗೂಡಿಂದ ರೇಷ್ಮೆ ಎಳೆ ಬಿಚ್ಚೋ ಕೆಲಸ ಅಲ್ವಾ? ಬಿಸಿನೀರು. ಈ ಊರಲ್ಲಿ ಎಲ್ಲಾರ ಕೈಯೂ ಹಂಗೇ," ಎಂದರು ಅಬ್ಬಾ.

ಕವಿತ ತಲೆಯಾಡಿಸಿ ಬರೆದುಕೊಂಡು ಪೆನ್ನಿಗೆ ಮುಚ್ಚಳ ಹಾಕಿದಳು. ಹಿತ್ತಲಿನಿಂದ ಗೂಡು ಬೇಯುವ ವಾಸನೆ ಬರುತ್ತಿತ್ತು. ಮೆಹ್ವಿಶ್ ಅಬ್ಬಾನ ಮುಖ ನೋಡಲಿಲ್ಲ. ಆ ಮುಚ್ಚಳವನ್ನೇ ನೋಡಿದಳು. ದನಿ ಒಡೆದುಕೊಂಡೇ ಬಂತು, ಆದರೆ ಬಂತು.

"ಕೆಲಸದಲ್ಲಿ ಆಗಿದ್ದಲ್ಲ ಮೇಡಂ. ಎಳೆ ಕಡಿದಾಗೆಲ್ಲ ಅಬ್ಬಾನೇ ಅವನ ಕೈ ಹಿಡಿದು ಕುದಿಯೋ ನೀರಲ್ಲಿ ಅದ್ದೋರು. ಅಣ್ಣ ಆಗಿನ್ನೂ ಚಿಕ್ಕೋನು."