ಕದಲದ ಮುಳ್ಳು

ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಕೋವಿ ಪೂಜಿಸುವ ಕೈಲ್ ಪೋಳ್ದ್ ಹಬ್ಬದ ಹಿಂದಿನ ಮಧ್ಯಾಹ್ನ. ಶಾಲೆಯವರು ಬೆಟ್ಟ ಹತ್ತುವಾಗ ದಾರಿ ತೋರಿಸುವ ಕೆಲಸ ನನಗೆ ಸಿಕ್ಕಿತ್ತು. ಅಪ್ಪ ಅಮ್ಮತ್ತಿ ಪೇಟೆಯ ಅಂಗಡಿಯಿಂದ ದಿಕ್ಕು ತೋರಿಸುವ ಎರಡು ಕಂಪಾಸ್ ತಂದಿದ್ದರು. ಒಂದನ್ನು ಆರಿಸಿ ಇನ್ನೊಂದನ್ನು ಹಿಂತಿರುಗಿಸಬೇಕಿತ್ತು. ದೊಡ್ಡಪ್ಪ ಎರಡನ್ನೂ, ಎಣ್ಣೆ ಹಚ್ಚಿ ಮೇಜಿನ ಮೇಲಿಟ್ಟಿದ್ದ ಕೋವಿಯ ಪಕ್ಕದಲ್ಲೇ ಇಟ್ಟು ನೋಡಿದರು. ಒಂದರ ಮುಳ್ಳು ನಡುಗುತ್ತಾ ಕೋವಿಯ ನಳಿಗೆಯತ್ತ ತಿರುಗಿತು. ಇನ್ನೊಂದರದು ಕದಲಲೇ ಇಲ್ಲ.

“ಇದೇ ಗಟ್ಟಿ,” ಎಂದು ಕದಲದ್ದನ್ನು ಎತ್ತಿಕೊಂಡರು.

“ಅದರ ಮುಳ್ಳು ಸಿಕ್ಕಿಕೊಂಡದ್ದು ದೊಡ್ಡಪ್ಪ. ಇದನ್ನು ಕೋವಿಯ ಕಬ್ಬಿಣ ಎಳೀತಾ ಉಂಟು. ಕೋವಿ ಸರಿಸಿ ನೋಡಿ.”

“ಪೂಜೆ ಆಗದೆ ಕೋವಿ ಸರಿಸ್ಲಿಕ್ಕುಂಟಾ? ಮೇಜಿನ ಮೇಲೆ ನಿಲ್ಲದ್ದು ಬೆಟ್ಟದಲ್ಲಿ ನಿಲ್ತದಾ? ನಂಗೆ ಕಲಿಸ್ಲಿಕ್ಕೆ ಬಂದಳು, ಹುಡುಗಿ!”

ನಡುಗುವ ಮುಳ್ಳಿನದನ್ನು ಕಸಿದುಕೊಂಡು ಕಾಫಿ ಕಣಕ್ಕೆ ಓಡಿದೆ. ಅಲ್ಲಿ ಅದು ತೂಗಾಡಿ, ಸರಿಯಾಗಿ ಉತ್ತರಕ್ಕೆ ನಿಂತಿತು. ಎಲ್ಲರನ್ನೂ ಕೂಗಿ ಕರೆದೆ. ಅಪ್ಪ ಒಬ್ಬರೇ ಬಂದು ಬಗ್ಗಿ ನೋಡಿದರು.

“ನೀ ಹೇಳಿದ್ದೇ ಸರಿ,” ಎಂದರು, ಮನೆಯ ಕಡೆ ನೋಡಿ ದನಿ ತಗ್ಗಿಸಿ. “ಆದ್ರೆ ಅಣ್ಣನ ಮಾತು ಮೀರ್ಲಿಕ್ಕೆ ಆಗ್ತದಾ?”

ಸರಿಯಾದದ್ದನ್ನು ಜೇಬಿಗೆ ಹಾಕಿಕೊಂಡು, ಅಂಗಡಿಗೆ ಹಿಂತಿರುಗಿಸಲು ಜೀಪು ಹತ್ತಿದರು.

ನನ್ನ ಪಾಲಿಗೆ ಉಳಿದ ಕಂಪಾಸನ್ನು ಯಾವ ಕಡೆ ತಿರುಗಿಸಿ ಹಿಡಿದರೂ ಅದು ಆ ಕಡೆಯನ್ನೇ ಉತ್ತರ ಎನ್ನುತ್ತಿತ್ತು. ಹೊರಟಿದ್ದ ಜೀಪಿನತ್ತಲೇ ಅದನ್ನು ಬೀಸಿ ಒಗೆದೆ. ಗಾಜು ಒಡೆಯಿತು. ಮುಳ್ಳು ಆಗಲೂ ಕದಲಲಿಲ್ಲ.