ದೇವರ ಕೋಣೆಯ ಹೊರಗೆ

ಸರಸ್ವತಿ ಪೂಜೆಯ ದಿನ ಆ ಮನೆಯಲ್ಲಿ ಯಾರೂ ವಾದ್ಯ ನುಡಿಸುವಂತಿರಲಿಲ್ಲ. ಅಪ್ಪ ತಮ್ಮ ವೀಣೆಯನ್ನು ದೇವಿಯ ಮುಂದಿಟ್ಟು ಹೂವೇರಿಸುತ್ತಿದ್ದಾಗ ಮಗಳು ತನ್ನ ಗಿಟಾರು ಹಿಡಿದು ಬಂದಳು. ಅಂಗಡಿ ಅಂಗಡಿ ಅಲೆದು ಕೊಂಡದ್ದು. ಅಗ್ಗದ್ದೇ, ಆದರೆ ಪ್ಲೈವುಡ್ ಸೋಕದ ಅಪ್ಪಟ ಮರದ್ದು. ಬಿಸಿಲಿಗೆ ಎಲ್ಲಿ ಸೀಳೀತೋ ಎಂದು ಕೂಸಿನಂತೆ ಕಾಪಾಡಿಕೊಂಡಿದ್ದಳು.

"ಇದನ್ನೂ ಇಡಿ ಅಪ್ಪ."

"ಇದು ವಾದ್ಯ ಇಡೋ ಜಾಗ. ಆ ಡಬ್ಬಾನ ಆಚೆ ಇಡು."

"ನಿಮ್ಮ ವೀಣೆ ಥರಾನೇ ಇದೂ ಮರದ್ದು."

"ಲಟ್ಟಣಿಗೆನೂ ಮರದ್ದೇ. ತಂದು ಪೂಜೆಗಿಡ್ಲಾ?"

ಅವಳ ಮೈಯೆಲ್ಲ ಉರಿದುಹೋಯಿತು. ತನ್ನ ಕೋಣೆಗೆ ಹೋಗಿ, ಬಾಗಿಲು ಹಾರುಹೊಡೆದು, ಬೇಕೆಂದೇ ಜೋರಾಗಿ ಗಿಟಾರು ಬಾರಿಸತೊಡಗಿದಳು.

ಅಪ್ಪ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಧಾವಿಸಿ ಬಂದರು.

"ಬುದ್ಧಿ ಇದೆಯೇನೇ ನಿಂಗೆ? ಪೂಜೆ ದಿನ ಯಾರಾದ್ರೂ ವಾದ್ಯ ಮುಟ್ತಾರಾ?"