ಹವಳದ ಡಾಕ್ಟರನ ನಾಲ್ಕನೆಯ ಭೇಟಿ

ಮೊಣಕೈವರೆಗೆ ಉಪ್ಪುನೀರಿನಲ್ಲಿ ಕೈ ಇಳಿಸಿದ್ದ ಹವಳದ ಡಾಕ್ಟರನಿಗೆ ಬೆನ್ನು ಚುರುಗುಟ್ಟಿತು. ಹಿಂದೆ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು; ಕಣ್ಣು ಮಾತ್ರ ಅವನನ್ನು ಬಿಟ್ಟು ಕದಲಿರಲಿಲ್ಲ.

ಅವನು ಮನೆಮನೆಯಲ್ಲಿ ಮೀನು, ಜೀವಂತ ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಗಳನ್ನು ನೋಡಿಕೊಳ್ಳುವವನು. ನೆರೆಮನೆಯಲ್ಲಿ ಅವನ ಕೆಲಸ ನೋಡಿ ಡಾಕ್ಟರ್ ಎಂದು ಹೆಸರಿಟ್ಟವಳು ಈ ಅಜ್ಜಿಯ ಮೊಮ್ಮಗಳು. ಎರಡು ವಾರದ ಹಿಂದೆ ಫೋನು ಮಾಡಿ, ಅಣಬೆಯಂಥ ಮೆದು ಹವಳ ಮುದುಡಿ ಕೂತಿದೆ, ಮೈಗೆ ಮೇಣ ಹಚ್ಚಿದಂತಾಗಿದೆ, ಬೇಗ ಬನ್ನಿ ಎಂದು ಕರೆದಿದ್ದಳು. ಬಂದು ನೋಡಿದ. ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ಈ ಜಾತಿಯ ಹವಳ ಆಗಾಗ ಹಾವಿನಂತೆ ಪೊರೆ ಬಿಡುತ್ತದೆ. ಅಷ್ಟು ದಿನ ಮುನಿಸಿಕೊಂಡವರ ಹಾಗೆ ಮುದುಡಿಕೊಂಡಿರುತ್ತದೆ. ಹಾಗೆಂದು ಹೇಳಿ ಹೊರಟುಬಿಡಬೇಕಿತ್ತು. ಆದರೆ ಮೂಗಿನ ಮೇಲೆ ಒಣಗಿದ ಉಪ್ಪಿನ ಗೆರೆ ಹೊತ್ತು ಅವಳು ತಲೆಯೆತ್ತಿ, "ಉಳಿಯತ್ತಾ?" ಎಂದಳು.

"ನಾಲ್ಕು ಸಲ ಬಂದು ನೋಡ್ಬೇಕಾಗತ್ತೆ," ಎಂದುಬಿಟ್ಟ.

ಕಥೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿತ್ತಂತೆ. ಇವನ ಪ್ರಾಣ ಅಂದಿನಿಂದ ಆ ಹವಳದಲ್ಲಿ. ಮೊದಲ ದಿನ ತೊಟ್ಟಿಯ ದೀಪ ಮಂಕು ಮಾಡಿದ. ಇನ್ನೊಂದು ದಿನ ಅಯೋಡಿನ್ ಬೆರೆಸಿದ ನೀರಿನಲ್ಲಿ ಐದು ನಿಮಿಷ ಅದ್ದಿದ. ಮತ್ತೊಂದು ದಿನ ಪಿಚಕಾರಿಯಿಂದ ಮೆಲ್ಲಗೆ ನೀರು ಚಿಮ್ಮಿಸಿ ಮೈ ತೊಳೆದ. ಪ್ರತಿ ಸಲವೂ ಅವಳು ಪಕ್ಕದಲ್ಲೇ ನಿಂತು ಕೇಳಿದ್ದನ್ನೇ ಕೇಳುತ್ತಿದ್ದಳು. ಪಿಚಕಾರಿಯನ್ನು ಮಾತ್ರ ಅವನು ಕೇಳುವ ಮೊದಲೇ ಕೈಗಿಟ್ಟಿದ್ದಳು.

ಇಂದು ನಾಲ್ಕನೆಯ ಭೇಟಿ. ಕಣ್ಣೆದುರೇ ಪೊರೆ ಸಡಿಲವಾಗಿ ಹರಕು ರೇಶಿಮೆಯಂತೆ ತೇಲಿಹೋಯಿತು. ಹವಳ ಒಂದೊಂದೇ ಪುಟ್ಟ ಬೆರಳನ್ನು ಹೊರಚಾಚತೊಡಗಿತು. ನಾಳೆಯಿಂದ ಅವನಿಗೆ ಈ ಮನೆಗೆ ಬರಲು ನೆಪವಿಲ್ಲ.

ಮೊಮ್ಮಗಳು ಚಹಾ ತರಲು ಒಳಗೆ ಹೋಗಿದ್ದಳು.

"ಗುಣ ಆಯ್ತಲ್ಲ ಡಾಕ್ಟ್ರೇ," ಎಂದರು ಅಜ್ಜಿ. "ಮತ್ತೆ ನಿಮ್ಮ ಮುಖ ಯಾಕೆ ಬಾಡಿದೆ?"

ಮೋಸ ಮಾಡಿ ಈ ಮನೆಯ ಚಹಾ ಇನ್ನೊಂದು ಗುಟುಕೂ ಇಳಿಯದು ಎನ್ನಿಸಿತು ಅವನಿಗೆ. ಕೈ ಒರೆಸಿಕೊಂಡು, ಅಜ್ಜಿಯ ಕುರ್ಚಿಯ ಬಳಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಒಪ್ಪಿಸಿದ. ಕಾಯಿಲೆ ಇರಲೇ ಇಲ್ಲ. ಅದು ಬರೀ ಪೊರೆ. ಸುಮ್ಮನೆ ಬಿಟ್ಟಿದ್ದರೂ ಅರಳುತ್ತಿತ್ತು. ತಾನು ಬಂದದ್ದು ಹವಳಕ್ಕಾಗಿ ಅಲ್ಲ.

"ನಿಮ್ಮ ಮೊಮ್ಮಗಳಿಗೂ ನಾನೇ ಹೇಳ್ತೀನಿ ಅಜ್ಜಿ. ಬೈದು ಕಳಿಸಿದ್ರೆ ಹೋಗ್ತೀನಿ."

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಪೊರೆ ಅಂತ ನಂಗೂ ಗೊತ್ತು ಕಣಪ್ಪಾ. ಹೋದ ವರ್ಷಾನೂ ಹೀಗೇ ಬಿಟ್ಟಿತ್ತು. 'ಹೆದರ್ಬೇಡ ಅಜ್ಜಿ, ತಾನಾಗೇ ಸರಿಹೋಗತ್ತೆ' ಅಂತ ನಂಗೆ ಹೇಳಿಕೊಟ್ಟಿದ್ದೇ ಅವಳು."